ಕವರ್ ಪೇಜಿನ ಮ್ಯಾಲ ಕಾಕಾ

ಮೊದಲೇ ಹೇಳಿಬಿಡ್ತೇನಿ, ಆ ಕವರ್ ಪೇಜಿಗಿ ನನಗ ಇಪ್ಪತ್ತೈದಕ್ಕ ಹದಿನೆಂಟು ಮಾರ್ಕ್ಸ್ ಬಂದ್ವು. ಮ್ಯಾಲಿನ ಅಕ್ಷರ ದಪ್ಪ ಆದ್ವು ಅಂತ ಸರ್ ಏಳು ಕಟ್ ಮಾಡಿದ್ರು. ಹೋಗ್ಲಿ ಬಿಡ್ರಿ. ಈ ಕತಿ ಯಾರಿಗರ ಹೇಳ್ಲಾಕ ಕುಂತ್ರ ಎಲ್ಲಾರೂ 'ಎಷ್ಟು ಬಂತು, ಎಷ್ಟು ಬಂತು' ಅಂತ ನಡುವ ಬಾಯಿ ಹಾಕ್ತಾರ, ಅದಕ್ಕ ಅದನ್ನ ಮೊದಲೇ ಮುಗಿಸಿದೆ. ನಾ ಹೇಳಬೇಕಂತ ಇರೂದು ನಮ್ಮಪ್ಪ ಮತ್ತ ನಮ್ಮ ಕಾಕಾನ ಮಾತು. ನಾಲ್ಕು ವರ್ಷ ಒಬ್ಬರ ಮಾರಿ ಒಬ್ಬರು ನೋಡದೇ ಇದ್ದ ಅಣ್ಣತಮ್ಮರ ನಡುವ ನನ್ನ ಕಾಲೇಜಿನ ಒಂದು ಹಾಳಿ ಹೋಗಿ ಬಿತ್ತು. ಏನಾಯ್ತೋ ಅದನ್ನ ನನ್ನ ಕಣ್ಣಲೇ ನೋಡೀನಿ, ಆದ್ರೂ ಇವತ್ತಿಗೂ ಖರೇನಾ ಅನಸ್ತದ.

ಬೀದರದಾಗ ನಂದು ಡಿಗ್ರಿ ಕೊನೀ ವರ್ಷ, ಪತ್ರಿಕೋದ್ಯಮ ಒಂದು ವಿಷಯ. ಮಳಿ ಸತತ ಎರಡನೇ ವರ್ಷ ಕೈ ಕೊಟ್ಟಿತ್ತು. ಔರಾದ ತಾಲೂಕದ ನಮ್ಮ ಊರಾಗ ದೀಪಾವಳಿ ಮುಗಿಯೂದೇ ತಡ, ಮನಿಮನಿಗಿ ಬೀಗ. ಅರ್ಧ ಓಣಿ ಪುಣೆಕ್ಕ, ಅರ್ಧ ಓಣಿ ಹೈದ್ರಾಬಾದಕ್ಕ. ನಮ್ಮ ಅಪ್ಪ ಅವ್ವನೂ ಪುಣೆದಾಗ ಬಿಲ್ಡಿಂಗ್ ಕೆಲಸಕ್ಕ ಹೋಗಿದ್ರು. ನಾ ಬೀದರದ ಹಾಸ್ಟೆಲ್‌ದಾಗ. ಅಲ್ಲಿ ಟ್ಯಾಂಕರ್ ಬಂದ ದಿನ ಹಬ್ಬ, ಬರಲಿಲ್ಲಂದ್ರ ಬಕೀಟಿನ ಸಲುವಾಗಿ ಜುಟ್ಟಾ ಜುಟ್ಟಾ ಹಿಡಿದು ಜಗಳ. ಜಗಳದಾಗ ನಾನೂ ಕಡಿಮಿ ಇರಲಿಲ್ಲ.

ಆವಾಗ ಸರ್ ಒಂದು ಪ್ರಾಜೆಕ್ಟ್ ಕೊಟ್ರು. ಒಂದು ಸಿನೆಮಾ ಪತ್ರಿಕಿ ಅದ ಅಂತ ತಿಳ್ಕೊಂಡು ಅದರ ಕವರ್ ಪೇಜ್ ಮಾಡಬೇಕು. 'ಪತ್ರಿಕಿ ಹೆಸರು ನೀವೇ ಇಡ್ರಿ, ಸಿನೆಮಾನೂ ನಿಮ್ದೇ, ಹೀರೋನೂ ನಿಮ್ಮವನೇ. ಆದ್ರ ನೆಟ್ಟಿನಿಂದ ಫೋಟೋ ಇಳಿಸಿದ್ರಿ ಅಂದ್ರ ಸೊನ್ನಿ' ಅಂದ್ರು. ಮತ್ತ ಬೋರ್ಡಿನ ಮ್ಯಾಲ ಒಂದು ದೊಡ್ಡ ಚೌಕ ಬರೆದು, ನಡುವ ಒಂದೇ ಒಂದು ಗೋಲ ಹಾಕಿದ್ರು. 'ಒಂದೇ ಮಾರಿ. ಸುತ್ತ ಖಾಲಿ ಜಾಗ. ಆ ಮಾರಿ ಓದಾವ್ರ ಕಣ್ಣಾಗ ಕಣ್ಣಿಟ್ಟು ನೋಡಬೇಕು. ಬೀದರದ ಚೌಕದಾಗ ಕಟ್ಟತಾರಲ್ಲ, ಆ ಬ್ಯಾನರ್ ಮಾಡಿ ತರಬ್ಯಾಡ್ರಿ ಮತ್ತ.'

ಇಡೀ ಕ್ಲಾಸ್ ನಕ್ಕಿತು. ನಗದೇ ಏನು ಮಾಡೂದು, ನಮಗ ಅದೊಂದೇ ಬರ್ತದ. ನಮ್ಮ ಕಡಿ ಒಬ್ಬನ ಬರ್ತಡೇ ಬ್ಯಾನರ್ ಅಂದ್ರ ನಡುವ ಆಂವ, ತಲಿ ಮ್ಯಾಲ ಐದಾರು ದೊಡ್ಡ ಮಂದಿ, ಕೆಳಗ ಶುಭ ಕೋರುವವರು ಅಂತ ನಿಂಬಿಕಾಯಿಯಷ್ಟು ನಿಂಬಿಕಾಯಿಯಷ್ಟು ಮೂವತ್ತು ಮಾರಿ. ಒಂದು ಬಿಟ್ಟುಹೋದ್ರೂ 'ನಾ ಏನು ನಿಮಗ ಕಾಣಲಿಲ್ಲೇನು' ಅಂತ ಮನಿಗಿ ಬರ್ತಾರ. ಖಾಲಿ ಜಾಗ ಬಿಡೂದು ಅಂದ್ರ ಯಾರನ್ನೋ ಬೇಕಂತ ಬಿಟ್ಟಂಗ.

ಹೀರೋ ಅಂತ ಮೊದಲು ನಮ್ಮ ಕ್ಲಾಸಿನ ಒಬ್ಬ ಹುಡುಗನ್ನ ಹಿಡಿದೆ. ಕೇಳಿದ್ದೇ ತಡ, ಮೂರು ಶರ್ಟ್, ಎರಡು ಗಾಗಲ್, ಅವರಣ್ಣನ ಬೈಕ್ ತಗೊಂಡು ಅಷ್ಟೂರ ಗುಮ್ಮಟದ ಮುಂದ ಬಂದು ನಿಂತ. ನಗಬ್ಯಾಡ ಅಂದ್ರ ಹಲ್ಲು ಕಿಸೀತಾನ. ಸುಮ್ನ ನಿಲ್ಲು ಅಂದ್ರ ಎದಿ ಉಬ್ಬಸ್ತಾನ. ಎಂಬತ್ತು ಫೋಟೋ ಹೊಡೆದೆ. ಎಂಬತ್ತೂ ಹುಡುಗಿ ಕಡಿಯವ್ರಿಗಿ ಕಳಸೋ ಫೋಟೋ ಆಗಿದ್ವು. ಹಾಸ್ಟೆಲಿಗಿ ಬಂದು ಒಂದೊಂದಾಗಿ ಅಳಿಸಿದೆ, ಅಳಸೂತ ಅವನಿಗಿ ಮನಸ್ಸಿನಾಗ ಬೈದೆ. ಅವಂದು ತಪ್ಪಿರಲಿಲ್ಲ, ಆದ್ರ ಯಾರಿಗರ ಬೈಬೇಕಾಗಿತ್ತು.

ಅದೇ ವಾರ ಅವ್ವ ಪುಣೆಯಿಂದ ಫೋನ್ ಮಾಡಿದ್ಳು. 'ಒಂದ್ಸಲ ಊರಿಗಿ ಹೋಗಿ ಬಾ ಯವ್ವಾ. ಬೀಗ ಅದನೋ ಇಲ್ಲೋ, ಹಿಂದಿನ ಗ್ವಾಡಿ ನಿಂತದನೋ ಬಿದ್ದದನೋ ನೋಡಿ ಹೇಳು.' ಹಿಂದಿನಿಂದ ಅಪ್ಪನ ದನಿ ಬಂತು, 'ಬೀಗ ನೋಡಿ ಸೀದಾ ಬಸ್ ಹತ್ತು ಅಂತ ಹೇಳು.' ಸೀದಾ ಅಂದ್ರ ಕಾಕಾನ ಕಡಿ ಹೋಗಬ್ಯಾಡ ಅಂತ.

ಕಾಕಾ ನಮ್ಮಪ್ಪನ ಒಬ್ಬನೇ ತಮ್ಮ. ಲಗ್ನ ಆಗಿಲ್ಲ. ಎರಡು ಮನಿ, ನಡುವ ಒಂದೇ ಗ್ವಾಡಿ. ಮುತ್ಯಾ, ಅಂದ್ರ ಅವರಿಬ್ಬರ ಅಪ್ಪ, ಸತ್ತ ಮ್ಯಾಲ ಕುರಿ ಪಾಲಾದ್ವು. ಅಪ್ಪ ತನ್ನ ಪಾಲಿನ ಕುರಿ ಎಲ್ಲಾ ಮಾರಿ ನನ್ನ ಬೀದರದಾಗ ಓದಸ್ಲಾಕ ಇಟ್ಟ. ಕಾಕಾಗ ತಲಿ ಕೆಟ್ಟುಹೋಯ್ತು. ಮುತ್ಯಾನ ಕೈಯಾಗ ಬೆಳೆದ ಕುರಿ, ಆಂವ ಹೆಸರಿಟ್ಟು ಕರೀತಿದ್ದ ಕುರಿ. ಔರಾದ ಬಜಾರದಾಗ, ಸಂತಿ ದಿನ, ಹತ್ತು ಮಂದಿ ಎದುರಿಗಿ ನಿಂತು, 'ಕುರಿ ಮಾರಿದಂವ ನನಗ ಅಣ್ಣ ಅಲ್ಲ' ಅಂದ. 'ನನಗೂ ತಮ್ಮ ಇಲ್ಲ' ಅಂದ ಅಪ್ಪ. ಅವತ್ತಿನಿಂದ ಮಾತಿಲ್ಲ ಕತಿ ಇಲ್ಲ. ಅಪ್ಪ ನನಗ ಎದುರಿಗಿ ಕೂಡಿಸ್ಕೊಂಡು ಹೇಳಿದ್ದ, 'ಅವನ ಸಂಗಟ ಒಂದು ಮಾತು ಆಡಿದಿ ಅಂದ್ರ ನಿನ್ನ ಕಾಲೇಜು ಬಂದ್.' ಕುರಿ ಮಾರಿದ್ದು ನನ್ನ ಸಲುವಾಗಿ, ಅಣ್ಣತಮ್ಮರು ಹರಿದದ್ದು ಕುರಿ ಸಲುವಾಗಿ. ಅಂದ ಮ್ಯಾಲ ಜಗಳದ ಬುಡದಾಗ ಕುಂತಾಕಿ ನಾನೇ. ಇದು ದಿನಾ ಉಣ್ಣಾಗ ನನಗ ಚುಚ್ಚತಿತ್ತು.

ಊರಾಗ ಇಳಿದೆ. ಓಣಿ ಅಂಬೂದು ಹಂಗ ಸುಮ್ನ ಇದ್ದದ್ದು ನಾ ಎಂದೂ ನೋಡಿರಲಿಲ್ಲ. ಬರೀ ಬೀಗ. ನಮ್ಮ ಬೀಗ ಇತ್ತು, ಗ್ವಾಡಿನೂ ನಿಂತಿತ್ತು. ಸೀದಾ ಬಸ್ಸಿಗಿ ಹೋಗಬೇಕು ಅಂತ ಹೊಂಟಾಕಿ ಬೋರ್‌ವೆಲ್ ಹತ್ರ ನಿಂತುಬಿಟ್ಟೆ. ಅಲ್ಲಿ ಕಾಕಾ ಕಲ್ಲಿನ ಬಾನಿಯಾಗ ಕುರಿಗಿ ನೀರು ಕುಡಸ್ಲಾಕತ್ತಿದ್ದ.

ಬೋರ್‌ದಾಗ ನೀರು ಕೈ ಬಟ್ಟಿನಷ್ಟು ದಪ್ಪ ಬರ್ತಿತ್ತು. ಅದಕ್ಕ ಕಾಕಾ ಹತ್ತು ಹತ್ತು ಕುರಿ ಬಿಡ್ತಿದ್ದ. ಹತ್ತು ಕುಡಿದು ಆಚಿ ಹೋದ ಮ್ಯಾಲ ನಾಲಿಗಿಲೇ ಒಂದು ಸಪ್ಪಳ ಮಾಡ್ತಿದ್ದ, ಮುಂದಿನ ಹತ್ತು ಬರ್ತಿದ್ವು. ಉಳಿದವು ಬಾಯಿ ತೆರಕೊಂಡು ನಿಂತಿದ್ವು, ಆದ್ರ ಒಂದೂ ನುಗ್ಗಲಿಲ್ಲ. ಒಂದೂ! ಹಾಸ್ಟೆಲ್‌ದಾಗ ನಾವು ಓದಿದ ಹುಡುಗೇರು ಟ್ಯಾಂಕರ್ ಮುಂದ ಹ್ಯಾಂಗ ಬಿದ್ದು ಸಾಯ್ತಿದ್ವಿ ಅಂತ ನೆನಪಾಗಿ ನನಗ ನಾಚಿಕಿ ಬಂತು. ಸಂಜಿ ಬಿಸಿಲು ಅಡ್ಡ ಬಿದ್ದಿತ್ತು, ಧೂಳು ಎದ್ದಿತ್ತು, ಅದರ ನಡುವ ಕಾಕಾನ ಮಾರಿ. ಸುಟ್ಟ ಬಣ್ಣ, ನಾಲ್ಕು ದಿನದ ಗಡ್ಡ, ಕಣ್ಣು ಮಾತ್ರ ಇಪ್ಪತ್ತು ವರ್ಷದ ಹುಡುಗನವು. ಅಬ್ಬಾ, ಇಂಥಾ ಮಾರಿ ನಮ್ಮ ಮನಿ ಗ್ವಾಡಿ ಆಚಿಗಿ ಇತ್ತಲ್ಲ, ನಾ ಅಷ್ಟೂರಕ್ಕ ಹೋಗಿ ಗಾಗಲ್ ಹಿಂದ ಬಿದ್ದಿದ್ದೆ!

'ಕಾಕಾ' ಅಂದೆ. ನಾಲ್ಕು ವರ್ಷದ ಮ್ಯಾಲ ಅಂದ ಮೊದಲನೇ ಮಾತು ಅದು.

ಆಂವ ತಿರುಗಿ ನೋಡಿದ. 'ನಿಮ್ಮಪ್ಪಗ ಗೊತ್ತದೇನು ನೀ ಇಲ್ಲಿ ನಿಂತದ್ದು?'

'ಇಲ್ಲ.'

'ಮತ್ತ ಯಾಕ ನಿಂತಿ?'

'ನಿನ್ನ ಫೋಟೋ ಬೇಕು. ಸಿನೆಮಾ ಪುಸ್ತಕದ ಮ್ಯಾಲ ಹಾಕ್ತೇನಿ. ಕಾಲೇಜಿನ ಕೆಲಸ.'

'ನನಗೇನು ಸಿನೆಮಾದಾಗ ಹಾಕ್ತಿ, ಹುಚ್ಚಿ' ಅಂದು ನಕ್ಕ. ಆಮ್ಯಾಲ ಕಾಲೇಜಿನ ಕೆಲಸ ಅಂದದ್ದು ಅವನ ತಲ್ಯಾಗ ಇಳೀತು ಅಂತ ಕಾಣಸ್ತದ. 'ಕುರಿ ನೀರು ಕುಡೀತನ ತಡಿ' ಅಂದ.

ಕೊನೀ ಕುರಿ ಕುಡೀತನ ನಿಂತೆ. ಆಮ್ಯಾಲ ಆಂವ ಬಾನಿ ಮುಂದ ಬಂದು ನಿಂತ. 'ಎಲ್ಲಿ ನೋಡ್ಲಿ?' ಅಂದ. 'ನನ್ನ ಕಣ್ಣಾಗ ನೋಡು ಕಾಕಾ' ಅಂದೆ. ನೋಡಿದ. ಫೋನ್ ಎರಡೂ ಕೈಲೆ ಹಿಡಿದು ಏಳು ಫೋಟೋ ಹೊಡೆದೆ. ಆಂವ ನಗಲಿಲ್ಲ, ಎದಿ ಉಬ್ಬಿಸಲಿಲ್ಲ, ನನ್ನ ನೋಡ್ಕೋತ ನಿಂತ ಅಷ್ಟೇ. ಎಷ್ಟು ವರ್ಷದಿಂದ ನೋಡಬೇಕು ಅಂತ ಇದ್ದನೋ ಏನೋ.

ನಾ ಹೊಂಟಾಗ 'ಓದು ಬರೋಬ್ಬರಿ ನಡದದಿಲ್ಲ?' ಅಂದ. ಹೂಂ ಅಂದೆ. 'ನಿಮ್ಮಪ್ಪಗ ಹೇಳಬ್ಯಾಡ. ಸುಮ್ನ ಸಿಟ್ಟಿಗೇಳ್ತಾನ ಪಾಪ' ಅಂದು ಕುರಿ ಹೊಡಕೊಂಡು ಹೋದ. ಆ 'ಪಾಪ' ಅಂದದ್ದು ಬಸ್ಸಿನಾಗ ಕುಂತು ಬೀದರ ಬರೂತನ ನನ್ನ ಕಿವಿಯಾಗ ಇತ್ತು.

ಮುಂದಿನ ಶನಿವಾರ ಭಾಲ್ಕಿಗಿ ಹೋದೆ. ಅಲ್ಲಿ ನಮ್ಮ ಮಾಮಾಂದು, ಅಂದ್ರ ಅವ್ವನ ತಮ್ಮಂದು, ಫ್ಲೆಕ್ಸ್ ಮಾಡೋ ಅಂಗಡಿ. ಸೋಮವಾರ ಪ್ರಾಜೆಕ್ಟ್ ಕೊಡಬೇಕಾಗಿತ್ತು. ಲಗ್ನ ಇಲ್ಲ, ಬರ್ತಡೇ ಇಲ್ಲ, ಮಾಮಾ ಖಾಲಿ ಅಂಗಡ್ಯಾಗ ನೊಣ ಹೊಡಕೋತ ಕುಂತಿದ್ದ. ಫೋಟೋ ತೋರಿಸಿದೆ. 'ಏ, ನಿಮ್ಮ ಕಾಕಾ! ನಿಮ್ಮಪ್ಪಗ ಗೊತ್ತಾದ್ರ ನಿನ್ನ ಬಿಟ್ಟು ನನಗ ಬಡೀತಾನ' ಅಂದ. ಅಂದ್ಕೋತೇ ಕಂಪ್ಯೂಟರ್ ಮುಂದ ಕುಂತ.

ಮಾಮಾ ಸಾಲಿ ಏಳನೇತ್ತಕ್ಕೇ ಬಿಟ್ಟಾಂವ. ಅವನ ಕೈ ನೋಡಬೇಕಿತ್ತು ನೀವು. ಕಾಕಾನ ಹಿಂದಿದ್ದ ಬೋರ್‌ವೆಲ್, ಕುರಿ, ಗಿಡ ಎಲ್ಲಾ ಕತ್ತರಿಸಿ ತೆಗೆದ. ಗಡ್ಡದ ಒಂದೊಂದು ಕೂದಲಾ ಬಿಡಿಸಿದ, ಅಕ್ಕಿಯಾಗಿನ ಹಳ್ಳು ಆರಿಸಿದಂಗ. ಒಂದು ತಾಸು ಅವನ ಉಸುರೇ ಕೇಳಲಿಲ್ಲ. ನಮ್ಮ ಸರ್ ಬೋರ್ಡಿನ ಮ್ಯಾಲ ಹೇಳಿದ್ದು ಎಲ್ಲಾ ಒಂದು ಕಡಿ, ಮಾಮಾನ ಬಲಗೈ ಒಂದು ಕಡಿ. ಅವನ ಕಂಪ್ಯೂಟರಿನಾಗ ಕೋಟು, ಬಿಳಿ ಶರ್ಟು, ಜರಿ ಸೀರಿ ಇಟ್ಟಿದ್ದ. ಬನಿಯನ್ ಹಾಕ್ಕೊಂಡು ಫೋಟೋ ಕಳಿಸಿದವ್ರಿಗಿ ಅದನ್ನೇ ತೊಡಸ್ತಿದ್ದ. ಕಾಕಾಗೂ ಒಂದು ನೀಲಿ ಕೋಟು ತಂದು ಇಟ್ಟ.

'ಕೋಟ್ ಬ್ಯಾಡ ಮಾಮಾ.'

'ಹೀರೋ ಅಂದ್ಯಲ್ಲ?'

'ಹೀರೋನೇ. ಕೋಟ್ ಬ್ಯಾಡ.'

'ಕೆಳಗ ಇಷ್ಟು ಜಾಗ ಖಾಲಿ ಬಿಟ್ಟೀದಿ. ನಿಮ್ಮ ಓಣಿ ಮಂದಿದೆಲ್ಲಾ ಮಾರಿ ನನ್ನ ಹತ್ರ ಅವ. ಇಪ್ಪತ್ತು ಕೂಡಸ್ಲೇನು?'

'ಒಂದೇ ಮಾರಿ ಮಾಮಾ! ಸರ್ ಹೇಳ್ಯಾರ.'

ಫೋಟೋದ ಬಣ್ಣ ಬಿಸಿಲಿಗಿ ಹಾಳಾಗಿತ್ತು. ಬಣ್ಣ ಪೂರಾ ತೆಗೆದುಬಿಡು, ಕಪ್ಪು ಬಿಳುಪು ಮಾಡು ಅಂದೆ. ಮಾಮಾನ ಕೈ ನಿಂತಿತು. 'ನೋಡು, ಹಿಂಗ ನಾ ಬ್ಯಾರಿ ಕೆಲಸಕ್ಕ ಮಾಡ್ತೇನಿ...' ಅಂತ ಏನೋ ಶುರು ಮಾಡಿದ. 'ನಿನಗ ಸಿನೆಮಾ ತಿಳಿಯೂದಿಲ್ಲ ಮಾಮಾ, ನಾ ಹೇಳಿದಂಗ ಮಾಡು' ಅಂತ ಅವನ ಬಾಯಿ ಮುಚ್ಚಿಸಿದೆ. ಓದಿದ ಸೊಕ್ಕು, ಮತ್ತೇನಿಲ್ಲ. ಆಂವ ಬಣ್ಣ ತೆಗೆದ. ತನ್ನ ಕಡಿಯಿಂದ ಒಂದು ಇರ್ಲಿ ಅಂತ ಕಾಕಾನ ತಲಿ ಹಿಂದ ಸಣ್ಣ ಬೆಳಕು ಹಚ್ಚಿದ. ಅದು ಚಲೋ ಕಾಣಸ್ತು, ಇರ್ಲಿ ಅಂದೆ.

ಪತ್ರಿಕಿ ಹೆಸರು ಟಾಕೀಸು ಅಂತ ಮ್ಯಾಲ ದಪ್ಪ ಅಕ್ಷರದಾಗ. ಕೆಳಗ ಮೂಲ್ಯಾಗ ಸಣ್ಣದಾಗಿ ಎರಡು ಸಾಲು. ನಡುವ ಕಾಕಾ. ಪ್ರಿಂಟರ್ ಒಂದೊಂದೇ ಗೆರಿ ಹೊರಗ ದೂಡ್ಲಾಕ ಹತ್ತಿತು. ಅಕ್ಷರ ಬಂದ್ವು, ಹಣಿ ಬಂತು, ಹುಬ್ಬು ಬಂದ್ವು. ಕಣ್ಣು ಬಂದಾಗ ನಾ ಕುರ್ಚಿ ಬಿಟ್ಟು ಎದ್ದು ನಿಂತೆ. ಮಾಮಾನೂ ನಿಂತ. ದಿನಾ ಕುರಿ ಹಿಂದ ಹೋಗೋ ಮನಶ್ಯಾ, ನಮ್ಮ ಊರಾಗ ಯಾರೂ ಎರಡ್ಸಲ ತಿರುಗಿ ನೋಡದ ಮನಶ್ಯಾ, ಆ ಹಾಳಿ ಮ್ಯಾಲಿಂದ ನಮ್ಮಿಬ್ಬರನ್ನ ನೋಡ್ಲಾಕತ್ತಿದ್ದ. 'ಎಲಾ ಇವನ' ಅಂದ ಮಾಮಾ, ಅಷ್ಟೇ ಅಂದ.

ನಾ ಬಸ್ ಹತ್ತಿ ಬಂದೆ. ಹಾಸ್ಟೆಲ್‌ದಾಗ ಕರೆಂಟ್ ಇರಲಿಲ್ಲ, ನನ್ನ ಫೋನ್ ಬಂದ್ ಬಿದ್ದಿತ್ತು. ಅಂಗಡ್ಯಾಗ ಮಾಮಾ ಒಂದು ಕೆಲಸ ಮಾಡಿದ್ದ, ಅದು ನನಗ ಗೊತ್ತಿರಲಿಲ್ಲ. ಕೆಲಸ ಮುಗಿದ ಮ್ಯಾಲ ಅದನ್ನ ಫೋನಿನ ಸ್ಟೇಟಸ್‌ಗಿ ಹಾಕೂದು, ಕೆಳಗ ಎರಡು ಕೈ ಮುಗಿದ ಚಿತ್ರ ಒತ್ತೂದು ಅವನ ರೂಢಿ, ಗಿರಾಕಿಗಿ ನಮಸ್ಕಾರ ಅಂದಂಗ. ಕಾಕಾನ ಕವರ್ ಪೇಜನ್ನೂ ಹಾಕಿದ, ಕೈ ಮುಗಿದ, ಅಂಗಡಿ ಮುಚ್ಚಿ ಸಾಯಗಾಂವ ಕಡಿ ಯಾವುದೋ ಕಾರ್ಯಕ್ಕ ಹೋದ. ಅಲ್ಲಿ ಅವನ ಫೋನಿಗಿ ರೇಂಜ್ ಇಲ್ಲ.

ಮರುದಿನ ಐತವಾರ ಮುಂಜಾನಿ ಮೊದಲನೇ ಬಸ್ಸಿಗಿ ಔರಾದಕ್ಕ ಹೋಗಿ, ಅಲ್ಲಿಂದ ಊರಿಗಿ ಹೋದೆ. ಸೋಮವಾರ ಸರ್ ಕೈಗಿ ಕೊಡೂ ಮೊದಲು ಕಾಕಾಗ ಒಂದ್ಸಲ ತೋರಿಸಬೇಕು ಅನಿಸಿತ್ತು. ಕಾಕಾ ಅಂಗಳದಾಗ ಕುರಿಮರಿಗಿ ತೊಪ್ಪಲಾ ಹಾಕ್ಲಾಕತ್ತಿದ್ದ. ಹಾಳಿ ಅವನ ಮುಂದ ಹಿಡಿದೆ. ಕೈ ಒರಸ್ಕೊಂಡು ತಗೊಂಡ. ಬಾಳ ಹೊತ್ತು ನೋಡಿದ.

'ಇದು ನಮ್ಮಪ್ಪ ಅಲ್ಲೇನು?' ಅಂದ.

'ನೀನೇ ಕಾಕಾ.'

'ನಾ ಹಿಂಗ ಆಗೀನೇನು' ಅಂದ. 'ಅಪ್ಪ ಬಂದು ನಿಂತಂಗ ಅದ.'

ಅಷ್ಟರಾಗ ಊರ ಅಗಸಿ ಕಡಿಯಿಂದ ಅಳೋ ದನಿ ಬಂತು. ನಮ್ಮ ಕಡಿ ಸತ್ತವರ ಮನಿಗಿ ಬರೋ ಹೆಣ್ಣಮಕ್ಕಳು ಊರ ಬಾಗಲದಾಗ ಕಾಲಿಟ್ಟ ಕೂಡಲೇ ಹಾಡಿ ಹಾಡಿ ಅಳ್ಲಾಕ ಶುರು ಮಾಡ್ತಾರ. ಒಂದು ದನಿ ಅಲ್ಲ, ನಾಲ್ಕೈದು. ಕಾಕಾ ಹಾಳಿ ನನ್ನ ಕೈಯಾಗ ಕೊಟ್ಟು ಎದ್ದ. 'ಯಾರ ಹೋದ್ರು? ಓಣ್ಯಾಗ ಮಂದಿನೇ ಇಲ್ಲ' ಅಂದ. ಗ್ವಾಡಿಗಿ ಆನಿಸಿದ್ದ ಬಡಗಿ ಕೋಲು ತಗೊಂಡ. 'ನಡಿ, ಮಣ್ಣು ಕೊಡ್ಲಾಕ ಹೋಗಬೇಕಾಗ್ತದ.'

ಇಬ್ಬರೂ ಅಂಗಳದ ಬಾಗಲದ ತನ ಹೋದ್ವಿ. ಓಣಿ ತುಂಬ ಮಂದಿ ಬರ್ಲಾಕತ್ತಿದ್ರು. ಎಲ್ಲಾರ ಮುಂದ ನಮ್ಮ ಅವ್ವ. ತಲಿಗೂದಲಾ ಬಿಚ್ಚಿ, ಎದಿ ಬಡಕೋತ, 'ಬಂಗಾರದಂಥ ಮೈದುನಾ, ಒಂದು ಮಾತು ಹೇಳದೇ ಹೋದ್ಯಲ್ಲೋ' ಅಂತ ಹಾಡ್ಕೋತ ಬರ್ಲಾಕತ್ತಿದ್ಳು. ಬಾಗಲದಾಗ ಬಡಗಿ ಹಿಡಿದು ನಿಂತ ಮೈದುನನ್ನ ನೋಡಿದ್ಳು. ಬಾಯಿ ತೆರೆದದ್ದು ತೆರೆದಂಗೇ ಉಳೀತು. ಹಿಂದಿದ್ದ ಹೆಣ್ಣಮಕ್ಕಳು ಇನ್ನೂ ಅಳ್ಲಾಕತ್ತಿದ್ರು, ಅವರಿಗಿ ಕಾಣಸಿರಲಿಲ್ಲ. ಒಬ್ಬೊಬ್ಬರಾಗಿ ಕಂಡರು, ಒಬ್ಬೊಬ್ಬರಾಗಿ ಸುಮ್ನಾದರು. ಒಬ್ಬ ಮುದುಕಿ ಮಾತ್ರ ಕಾಕಾನ ಕಾಲು ನೋಡಿದ್ಳು, ದೆವ್ವದಂಗ ಪಾದ ಹಿಂದ ಮುಂದ ಅವೇನು ಅಂತ.

ಆಮ್ಯಾಲ ಮಂದಿ ಸರಸ್ಕೋತ ಅಪ್ಪ ಬಂದ. ಗಡ್ಡ ಬೆಳೆದಿತ್ತು, ಅಂಗಿ ಮ್ಯಾಲ ಸಿಮೆಂಟ್ ಹಂಗೇ ಇತ್ತು. ಬಗಲಾಗ ಒಂದು ಚೀಲ ಒತ್ತಿ ಹಿಡಿದಿದ್ದ. ಕಣ್ಣು ಕೆಂಡ ಆಗಿದ್ವು. ನಮ್ಮಪ್ಪ ಅತ್ತದ್ದು ನಾ ಮುತ್ಯಾ ಸತ್ತಾಗೂ ನೋಡಿರಲಿಲ್ಲ.

'ಸತ್ತಿಲ್ಲೇನೋ ನೀ?' ಅಂತ ಒದರಿದ.

'ಇಲ್ಲಣ್ಣಾ' ಅಂದ ಕಾಕಾ, ಏನೋ ತಪ್ಪು ಮಾಡ್ದಾವನಂಗ.

ಅಪ್ಪ ಅಲ್ಲೇ ಕಟ್ಟಿ ಮ್ಯಾಲ ಕುಸಿದು ಕುಂತ. ನನಗ ಏನೂ ತಿಳೀವಲ್ದು. ಒಬ್ಬರು ಫೋನ್ ತೆಗೆದು ನನ್ನ ಮಾರಿಗಿ ಹಿಡಿದ್ರು. ಅದರಾಗ ನನ್ನ ಕವರ್ ಪೇಜು. ಸ್ಟೇಟಸ್‌ದಾಗ ಮ್ಯಾಲಿನ ಹೆಸರು ಕತ್ತರಿಸಿಹೋಗಿತ್ತು, ಮೂಲ್ಯಾಗಿನ ಸಣ್ಣ ಅಕ್ಷರ ಇರಿವಿಯಂಗ ಆಗಿದ್ವು. ಉಳಿದದ್ದು ಕಾಕಾನ ಮಾರಿ, ಕೆಳಗ ಮುಗಿದ ಕೈ. ಆವಾಗ ನನಗ ತಿಳೀತು. ನಮ್ಮ ಕಡಿ ಬದುಕಿದ್ದಾವ್ರ ಬ್ಯಾನರ್‌ದಾಗ ಸಂತಿ ನೆರೆದಿರ್ತದ. ಒಂಟಿ ಮಾರಿ, ಬಣ್ಣ ಇಲ್ಲ, ಸುತ್ತ ಖಾಲಿ, ತಲಿ ಹಿಂದ ಬೆಳಕು ಅಂದ್ರ ಅದು ಸತ್ತವರಿಗಿ ಕಟ್ಟೋ ಶ್ರದ್ಧಾಂಜಲಿ ಬ್ಯಾನರ್. ಬಸ್ ಸ್ಟ್ಯಾಂಡಿನ ಎದುರಿಗಿ ಹುಟ್ಟಿದಾಗಿಂದ ನೋಡ್ಕೋತ ಬಂದೀನಿ. ಸರ್ ಕೇಳಿದ ಕವರ್ ಪೇಜ್ ಅಂತ ನಾ ಮಾಡಿದ್ದು ನಮ್ಮ ಕಾಕಾನ ಶ್ರದ್ಧಾಂಜಲಿ. ಮಾಮಾ ಹೇಳ್ಲಾಕ ಬಂದಿದ್ದ, ನಾನೇ ಅವನ ಬಾಯಿ ಮುಚ್ಚಿಸಿದ್ದೆ.

ಶನಿವಾರ ಸಂಜಿಗಿ ಪುಣೆದಾಗ ಯಾರೋ ಅದನ್ನ ಅಪ್ಪಗ ತೋರಿಸ್ಯಾರ. ಅಪ್ಪ ಮಾಮಾಗ ಫೋನ್ ಹಚ್ಯಾನ, ರೇಂಜ್ ಇಲ್ಲ. ನನಗ ಹಚ್ಯಾನ, ಫೋನ್ ಬಂದ್. ಕಾಕಾನ ಹತ್ರ ಫೋನೇ ಇಲ್ಲ. ಮತ್ತ ಯಾರಿಗೂ ಕೇಳಲಿಲ್ಲ ಅಂತ, ಕೈಯಾಗಿನ ಸಿಮೆಂಟ್ ಬುಟ್ಟಿ ಅಲ್ಲೇ ಒಗೆದು ನಡದುಬಿಟ್ಟಾನ. ಆಂವ ನಡದದ್ದು ನೋಡಿ ನಮ್ಮ ಓಣ್ಯಾವರೆಲ್ಲಾ ಹಿಂದ ಹೊಂಟಾರ. ಹದಿನಾರು ಮಂದಿ! ಉದಗೀರ ತನ ಬಸ್, ಅಲ್ಲಿಂದ ಮುಂದ ಜೀಪು. ಒಬ್ಬಂಟಿ ಕುರಿ ಕಾಯಾವನ ಮಣ್ಣಿಗಿ ಹದಿನಾರು ಮಂದಿ ಕೆಲಸಾ ಬಿಟ್ಟು ಬಂದಿದ್ರು. ಬೀಗ ಬಿದ್ದ ಓಣಿ ತುಂಬ ಅವರೇ ನಿಂತಿದ್ರು.

ಅವ್ವ ನನ್ನ ಬೆನ್ನಿಗಿ ಎರಡು ಗುದ್ದಿದ್ಳು, 'ಹಾಳಾದಾಕಿ, ಬದುಕಿದ್ದಾವನ್ನ ಕೊಂದೀ' ಅಂತ. ಅಪ್ಪ ಮ್ಯಾಲ ನೋಡದೇ ಅಂದ, 'ಸಾಕಾಯ್ತು ಇಕಿ ಓದು. ಬ್ಯಾಡ ಅಂದ್ರೂ ಇಲ್ಲಿಗಿ ಬಂದಾಳ. ಇವತ್ತೇ ನಮ್ಮ ಸಂಗಟ ಪುಣೆಕ್ಕ ಬರ್ತಾಳ.'

ನಾ ಅಳ್ಲಾಕ ಹತ್ತಿದೆ. ಆವಾಗ ಕಾಕಾ ಅಂದ, 'ಅಕಿನ್ನ ಸಾಲಿ ಬಿಡಸಬ್ಯಾಡಣ್ಣಾ. ಕುರಿ ಮಾರಿ ಓದಿಸೀದಿ. ಅವು ಹೋದದ್ದು ಸುಮ್ನ ಆಗ್ತದ.'

ಕುರಿ ಮಾರಿದ್ದಕ್ಕ ಅಣ್ಣನ್ನ ಬಿಟ್ಟಂವ ಆಡಿದ ಮಾತು ಇದು. ಅಪ್ಪ ನೆಲ ನೋಡ್ಕೋತ ಕುಂತ. ಕಾಕಾ ಅವನ ಬಗಲಿನ ಕಡಿ ನೋಡಿದ. ಕಡೀಕ, 'ಚೀಲದಾಗ ಏನದ?' ಅಂದ.

ಅಪ್ಪ ಚೀಲ ಹಿಂದ ಸರಿಸಿದ. ಅವ್ವ ಸೆರಗಿಲೆ ಮೂಗು ಒರಸ್ಕೊಂಡು ಹೇಳಿದ್ಳು, 'ನಿನಗ ಹೊದಸ್ಲಾಕ ತಂದದ್ದು. ಹೊಸ ಅರಬಿ ಹೊದಸ್ತಾರಲ್ಲ. ಬಿಳಿ ಅರಬಿ ಸಾಕು ಅಂದೆ, ಕೇಳಲಿಲ್ಲ. ಬಸ್ ತಪ್ಪತದ ಅಂದ್ರೂ ಕೇಳಲಿಲ್ಲ. ತನ್ನ ತಮ್ಮ ರುಮಾಲ ಸುತ್ತಾಂವ ಅಂತ ಮೂರು ಅಂಗಡಿ ತಿರುಗಿ ತಂದಾನ.'

ಕಾಕಾ ಬಗ್ಗಿ ಚೀಲ ತಗೊಂಡ. ಒಳಗ ಗುಲಾಲ ಬಣ್ಣದ ರುಮಾಲ, ಅಂಚಿಗಿ ಜರಿ. ಮುದುಕಿ 'ಏ ಮುಟ್ಟಬ್ಯಾಡೋ, ಹೆಣಕ್ಕ ತಂದದ್ದು' ಅಂತ ಒದರಿದ್ಳು. 'ಹೆಣಕ್ಕ ಸುತ್ತಿದ್ರ ನಾ ಹ್ಯಾಂಗ ನೋಡ್ತಿದ್ದೆ ಆಯಿ? ಈಗೇ ಸುತ್ತತೇನಿ' ಅಂದ ಕಾಕಾ. ಬರೇ ತಲಿ ಮ್ಯಾಲ ಕೈ ಆಡಿಸ್ಕೊಂಡ, ರುಮಾಲ ಝಾಡಿಸಿದ. ಅದು ಬಿಚ್ಚಕೋತ ಅಂಗಳದ ಆಚೀ ತನ ಹೋಗಿ ಬಿತ್ತು. ಅಷ್ಟು ಉದ್ದನ ರುಮಾಲ ಒಬ್ಬರಿಗಿ ಸುತ್ತಕೊಳ್ಲಾಕ ಆಗೂದಿಲ್ಲ. ಆಚೀ ತುದಿ ಯಾರರ ಎಳೆದು ಹಿಡೀಬೇಕು.

ನಾ ಹಿಡೀಲಾಕ ಮುಂದ ಹೋದೆ. ಅವ್ವ ನನ್ನ ರಟ್ಟಿ ಹಿಡಿದು ಹಿಂದ ಜಗ್ಗಿದ್ಳು. ಯಾರೂ ಮುಟ್ಟಲಿಲ್ಲ. ರುಮಾಲದ ತುದಿ ಧೂಳಿನಾಗ ಬಿದ್ದಿತ್ತು, ಕಾಕಾ ಈ ಕಡಿ ತುದಿ ಹಿಡಿದು ನಿಂತಿದ್ದ.

ಅಪ್ಪ ಎದ್ದ. ಹೋಗಿ ಆ ತುದಿ ಎತ್ತಿದ, ಧೂಳು ಝಾಡಿಸಿದ, ಮಡಿಕಿ ಹಚ್ಚಿ ಎರಡೂ ಕೈಲೆ ಬಿಗಿಯಾಗಿ ಹಿಡಿದ. 'ಸುತ್ತು' ಅಂದ.

ಕಾಕಾ ಸುತ್ತಲಾಕ ಹತ್ತಿದ. ಒಂದೊಂದು ಸುತ್ತಿಗಿ ರುಮಾಲ ಸಣ್ಣದಾಗ್ತಿತ್ತು, ಅಪ್ಪ ಒಂದೊಂದು ಹೆಜ್ಜಿ ಮುಂದ ಬರ್ತಿದ್ದ. ಇಬ್ಬರೂ ಅರಬಿನೇ ನೋಡ್ಲಾಕತ್ತಿದ್ರು. ಅಂಗಳದ ನಡುವಿಗಿ ಬಂದ, ಬಾಗಲ ಹತ್ರ ಬಂದ, ಕಡೀಕ ತಮ್ಮನ ಉಸುರು ಬಡಿಯೋ ಅಷ್ಟು ಹತ್ರ ಬಂದು ನಿಂತ. ಕಡೀ ತುದಿ, ಚುಂಗು, ಅಪ್ಪನ ಕೈಯಾಗ ಉಳಿದಿತ್ತು. ಅದನ್ನ ತಾನೇ ಮ್ಯಾಲ ಸಿಗಿಸಿದ. ಕೈ ಅಲ್ಲೇ, ತಮ್ಮನ ತಲಿ ಮ್ಯಾಲ, ಇಟ್ಟುಕೊಂಡೇ ನಿಂತ.

'ಬಿಗಿ ಆಯ್ತೇನು?' ಅಂದ.

'ಇರ್ಲಿ ಬಿಡಣ್ಣಾ' ಅಂದ ಕಾಕಾ.